ಪವರ್ ಸ್ಟಿಯರಿಂಗ್ ಪಂಪ್ ಮನೆಯಲ್ಲೇ ಬದಲಿಸುವುದು: ಬೋಲ್ಟಿನ ಕೆಲಸ ಕಡಿಮೆ, ಆಯಿಲ್ ಕೆಲಸ ಹೆಚ್ಚು

ನಾನು ಮೊದಲ ಸಲ ಪವರ್ ಸ್ಟಿಯರಿಂಗ್ ಪಂಪ್ ಬದಲಿಸಿದಾಗ ಬಿಚ್ಚಿ ಕೂಡಿಸುವ ಕೆಲಸ ಅರ್ಧ ದಿನದಲ್ಲಿ ಮುಗಿದಿತ್ತು. ಸ್ಟಿಯರಿಂಗ್ ಹೂವಿನಷ್ಟು ಹಗುರವಾಗಿ ತಿರುಗಿತು, ನಾನೂ ಬೀಗಿದೆ. ಹತ್ತು ದಿನ ಕಳೆಯುವಷ್ಟರಲ್ಲಿ ಹೊಸ ಪಂಪೂ ಹಳೆಯದರ ರಾಗವನ್ನೇ ಹಿಡಿಯಿತು. ಕೆಟ್ಟ ಪಂಪ್ ತಲೆಗೆ ಕಟ್ಟಿದ್ದಾರೆ ಎಂದು ಬೈದುಕೊಂಡು ಮತ್ತೆ ಎಲ್ಲ ಬಿಚ್ಚಿದೆ. ತಪ್ಪು ಪಂಪಿನದಾಗಿರಲಿಲ್ಲ. ಹಳೆಯ ಪಂಪು ಸವೆದು ಉದುರಿಸಿದ ಲೋಹದ ಪುಡಿ ಆಯಿಲ್ ಡಬ್ಬಿಯ ತಳದ ಜಾಲರಿಯಲ್ಲಿ ಹೆಪ್ಪುಗಟ್ಟಿ ಕೂತಿತ್ತು. ಹೊಸ ಪಂಪಿಗೆ ಆಯಿಲ್ ಸಿಗದೆ ಅದು ಬಾಯಾರಿ ಕೂಗುತ್ತಿತ್ತು.

ಆಮೇಲೆ ಹಲವು ಪಂಪುಗಳನ್ನು ಬದಲಿಸಿದ್ದೇನೆ. ಪಂಪನ್ನು ಬಿಚ್ಚಿ ಹಾಕುವುದು ಸ್ಪ್ಯಾನರ್ ಹಿಡಿಯಲು ಬರುವ ಯಾರಿಗಾದರೂ ಆಗುವ ಕೆಲಸ. ಹಾಕಿದ ಪಂಪು ಬಾಳುವುದು ಮಾತ್ರ ಎರಡೇ ವಿಷಯದ ಮೇಲೆ ನಿಂತಿದೆ: ಒಳಗೆ ಕೊಳೆ ಹೋಗಬಾರದು, ಗಾಳಿ ಹೋಗಬಾರದು. ಕೆಳಗಿನ ಹಂತಗಳಲ್ಲಿ ಎಲ್ಲಿ ನಾನು ಅತಿಯಾಗಿ ಕೊರೆಯುತ್ತಿದ್ದೇನೆ ಅನ್ನಿಸುತ್ತದೋ ಅಲ್ಲೆಲ್ಲ ಈ ಎರಡರಲ್ಲಿ ಒಂದರ ಮಾತಿರುತ್ತದೆ.

ಮೊದಲು: ನಿಮ್ಮ ಕಾರಿನಲ್ಲಿ ಪಂಪ್ ಇದೆಯೇ?

ಈಗಿನ ಬಹುಪಾಲು ಹೊಸ ಕಾರುಗಳಲ್ಲಿ ಸ್ಟಿಯರಿಂಗಿಗೆ ಬಲ ಕೊಡುವುದು ಎಲೆಕ್ಟ್ರಿಕ್ ಮೋಟಾರು. ಅಲ್ಲಿ ಆಯಿಲೂ ಇಲ್ಲ, ಪಂಪೂ ಇಲ್ಲ. ಬಾನೆಟ್ ಎತ್ತಿ ನೋಡಿ. ಸ್ಟಿಯರಿಂಗ್ ಚಕ್ರದ ಚಿತ್ರವಿರುವ ಮುಚ್ಚಳದ ಒಂದು ಸಣ್ಣ ಪ್ಲಾಸ್ಟಿಕ್ ಡಬ್ಬಿ, ಅದರಿಂದ ಇಳಿದ ದಪ್ಪ ರಬ್ಬರ್ ಹೋಸ್, ಹೋಸ್ ಸೇರುವ ಕಡೆ ಬೆಲ್ಟಿನಿಂದ ತಿರುಗುವ ಪುಲ್ಲಿ, ಇಷ್ಟಿದ್ದರೆ ಅದು ಹೈಡ್ರಾಲಿಕ್ ಸ್ಟಿಯರಿಂಗ್, ಈ ಬರಹ ನಿಮಗೇ. ಡಬ್ಬಿ ಇದೆ, ಬೆಲ್ಟ್ ಮಾತ್ರ ಅಲ್ಲಿಗೆ ಹೋಗಿಲ್ಲ ಎಂದಾದರೆ ಪಂಪನ್ನು ಮೋಟಾರು ತಿರುಗಿಸುತ್ತಿದೆ ಎಂದರ್ಥ. ಅದರ ವಿದ್ಯುತ್ ಭಾಗ ಬೇರೆಯೇ ಕಥೆ, ಇಲ್ಲಿ ಅದಕ್ಕೆ ಕೈ ಹಾಕುವುದಿಲ್ಲ.

ಹೈಡ್ರಾಲಿಕ್ ಸ್ಟಿಯರಿಂಗ್ ಹಳೆಯ ಪರಿಣತ. ಅಮೆರಿಕದ ಎಂಜಿನಿಯರ್ ಫ್ರಾನ್ಸಿಸ್ ಡೇವಿಸ್ 1920ರ ದಶಕದಲ್ಲೇ ಇದನ್ನು ಕಾರಿಗೆ ಹೊಂದಿಸಿ ತೋರಿಸಿದ್ದರು. ಮಾರಾಟದ ಕಾರಿಗೆ ಬಂದದ್ದು 1951ರಲ್ಲಿ, ಕ್ರೈಸ್ಲರ್ ಇಂಪೀರಿಯಲ್ ಮೂಲಕ.

ಪಂಪಿನ ಹೊಟ್ಟೆಯೊಳಗೆ

ಕಾರುಗಳಲ್ಲಿ ಹೆಚ್ಚಾಗಿ ಇರುವುದು ವೇನ್ ಪಂಪ್. ಮೊಟ್ಟೆಯಾಕಾರದ ಉಕ್ಕಿನ ಬಳೆಯೊಳಗೆ ಒಂದು ರೋಟರ್ ತಿರುಗುತ್ತದೆ. ರೋಟರಿನ ಸೀಳುಗಳಲ್ಲಿ ತೆಳ್ಳನೆಯ ಹಲಗೆಗಳಂಥ ವೇನ್‌ಗಳು ಹೊರಗೂ ಒಳಗೂ ಜಾರುತ್ತ ಬಳೆಯ ಗೋಡೆಯನ್ನು ಸವರಿಕೊಂಡು ಹೋಗುತ್ತವೆ. ಒಂದು ಕಡೆ ಜಾಗ ಹಿಗ್ಗಿದಾಗ ಆಯಿಲ್ ಒಳಗೆ ಬರುತ್ತದೆ, ಇನ್ನೊಂದು ಕಡೆ ಕುಗ್ಗಿದಾಗ ಒತ್ತಡದಲ್ಲಿ ಹೊರಗೆ ಹೋಗುತ್ತದೆ. ವೇನಿಗೂ ಗೋಡೆಗೂ ನಡುವೆ ಇರುವುದು ಆಯಿಲಿನ ತೆಳು ಪೊರೆ ಮಾತ್ರ. ಅದು ಹರಿದ ಕ್ಷಣ ಲೋಹ ಲೋಹವನ್ನು ತಿನ್ನತೊಡಗುತ್ತದೆ. ಆಯಿಲ್ ಇಲ್ಲದೆ ಪಂಪ್ ತಿರುಗಿಸಬೇಡಿ ಎಂದು ಎಲ್ಲರೂ ಹೇಳುವುದು ಇದಕ್ಕೇ.

ಸ್ಟಿಯರಿಂಗನ್ನು ಕೊನೆಯವರೆಗೆ ತಿರುಗಿಸಿ ಹಿಡಿದಾಗ ಸಾಮಾನ್ಯ ಕಾರಿನಲ್ಲೂ ಒತ್ತಡ 80ರಿಂದ 120 ಬಾರ್‌ವರೆಗೆ ಏರಬಹುದು. ಟೈರಿನಲ್ಲಿ ನಾವು ತುಂಬಿಸುವ ಗಾಳಿ ಸುಮಾರು 2 ಬಾರ್ ಎಂಬುದನ್ನು ನೆನೆದರೆ ಇದರ ಗಾತ್ರ ತಿಳಿಯುತ್ತದೆ. ಅಂಥ ಒತ್ತಡದ ಪೈಪಿನಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ಆಯಿಲ್ ಚರ್ಮವನ್ನು ತೂರಿ ಒಳಹೋಗಬಲ್ಲದು. ಎಂಜಿನ್ ಓಡುತ್ತಿರುವಾಗ ಬೆರಳಿನಿಂದ ಸೋರಿಕೆ ಹುಡುಕಬೇಡಿ, ರಟ್ಟಿನ ತುಂಡು ಹಿಡಿದು ನೋಡಿ.

ಡಬ್ಬಿಯಿಂದ ಪಂಪಿಗೆ ಬರುವ ಹೋಸಿನಲ್ಲಿ ನಡೆಯುವುದು ಇದರ ತದ್ವಿರುದ್ಧ. ಅಲ್ಲಿ ಪಂಪು ಎಳೆಯುತ್ತಿರುತ್ತದೆ, ಹಾಗಾಗಿ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆ ಇರಬಹುದು. ಆ ಹೋಸಿನ ಕ್ಲಿಪ್ ಸಡಿಲವಾದರೆ ಆಯಿಲ್ ಹೊರಗೆ ಸೋರುವುದಕ್ಕಿಂತ ಗಾಳಿ ಒಳಗೆ ನುಗ್ಗುವುದೇ ಹೆಚ್ಚು. ನೆಲದ ಮೇಲೆ ಒಂದು ಹನಿಯೂ ಇರುವುದಿಲ್ಲ, ಡಬ್ಬಿಯಲ್ಲಿ ಮಾತ್ರ ನೊರೆ, ಪಂಪಿನಿಂದ ಕೊಂಯ್ ಎಂಬ ಸದ್ದು. ಎಷ್ಟೋ ಒಳ್ಳೆಯ ಪಂಪುಗಳು ಈ ಪುಟ್ಟ ಕ್ಲಿಪ್ಪಿನ ಪಾಪಕ್ಕೆ ಗುಜರಿ ಸೇರುತ್ತವೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ಅಂದರೆ ಇದೇ.

ಪಂಪೇ ಕೆಟ್ಟಿದೆಯೇ, ಖಚಿತ ಮಾಡಿಕೊಳ್ಳಿ

ಹೊಸ ಪಂಪ್ ತರುವ ಮೊದಲು ಅರ್ಧ ಗಂಟೆ ಇದಕ್ಕೆ ಕೊಡಿ.

ಆಯಿಲಿನಿಂದ ಶುರುಮಾಡಿ. ಮುಚ್ಚಳ ತೆಗೆದು ಮಟ್ಟ ನೋಡಿ, ಒಂದೆರಡು ಹನಿ ಬಿಳಿ ಬಟ್ಟೆಯ ಮೇಲೆ ಬಿಟ್ಟು ಬೆಳಕಿಗೆ ಹಿಡಿಯಿರಿ. ಕಪ್ಪಗಿದ್ದು ಸುಟ್ಟ ವಾಸನೆ ಬಂದರೆ ಹಳತಾಗಿದೆ. ಬೆಳ್ಳಿಯ ಬಣ್ಣದ ಸಣ್ಣ ಮಿನುಗು ಕಂಡರೆ ಪಂಪಿನ ಒಳಗೋಡೆ ಉದುರುತ್ತಿದೆ, ಅಲ್ಲಿಗೆ ಬಹುತೇಕ ತೀರ್ಪಾಯಿತು. ನೊರೆಯಿದ್ದರೆ ಮೊದಲ ಅನುಮಾನ ಗಾಳಿಯ ಮೇಲೆ: ಮಟ್ಟ ತುಂಬಿಸಿ, ಡಬ್ಬಿಯಿಂದ ಪಂಪಿಗೆ ಹೋಗುವ ಹೋಸಿನ ಎರಡೂ ತುದಿಯ ಕ್ಲಿಪ್ ಬದಲಿಸಿ, ಹೋಸ್ ಬಿರುಕು ಬಿಟ್ಟಿದ್ದರೆ ಅದನ್ನೂ ಬದಲಿಸಿ, ಎರಡು ದಿನ ಓಡಿಸಿ ನೋಡಿ. ಕೆಲಸ ಅಲ್ಲೇ ಮುಗಿಯಲೂಬಹುದು.

ಮುಂದೆ ಸದ್ದು. ಪಂಪಿನ ಕೊರಗು ಎಂಜಿನ್ ವೇಗದ ಜೊತೆ ಏರುತ್ತದೆ, ಸ್ಟಿಯರಿಂಗ್ ತಿರುಗಿಸಿದಾಗ ಇನ್ನೂ ಜೋರಾಗುತ್ತದೆ. ಕಿರ್ರೆಂದು ಚೀರುವುದು ಸಾಮಾನ್ಯವಾಗಿ ಬೆಲ್ಟ್. ಅನುಮಾನವಿದ್ದರೆ ಬೆಲ್ಟಿನ ಹಲ್ಲಿನ ಬದಿಗೆ ಒಂದಿಷ್ಟು ನೀರು ಚಿಮುಕಿಸಿ. ಸದ್ದು ತಕ್ಷಣ ಬದಲಾದರೆ ತಪ್ಪು ಬೆಲ್ಟಿನದು ಅಥವಾ ಅದರ ಬಿಗಿಯದು. ಅದೇ ಬೆಲ್ಟಿನ ದಾರಿಯಲ್ಲಿ ಆಲ್ಟರ್ನೇಟರ್, ಬೆಲ್ಟಿಗೆ ದಾರಿ ತೋರುವ ಐಡ್ಲರ್, ಅದನ್ನು ಬಿಗಿಯಾಗಿಡುವ ಟೆನ್ಷನರ್ ಎಲ್ಲ ಇರುತ್ತವೆ, ಅವುಗಳ ಬೇರಿಂಗೂ ಕೂಗುತ್ತದೆ. ಎಂಜಿನ್ ನಿಲ್ಲಿಸಿ ಬೆಲ್ಟ್ ಕಳಚಿ ಒಂದೊಂದನ್ನೇ ಕೈಯಲ್ಲಿ ತಿರುಗಿಸಿ. ಗರಗರ ಎನ್ನುವುದು, ಅಲ್ಲಾಡುವುದು ಯಾವುದೆಂದು ಬೆರಳಿಗೇ ಗೊತ್ತಾಗುತ್ತದೆ.

ಕೊನೆಗೆ ಸ್ಟಿಯರಿಂಗಿನ ಭಾರ. ಐಡಲ್‌ನಲ್ಲಿ ಎರಡೂ ಕಡೆಗೆ ಭಾರವಾಗಿದ್ದು ಆಕ್ಸಿಲರೇಟರ್ ಒತ್ತಿದರೆ ಹಗುರವಾಗುತ್ತದೆ ಎಂದಾದರೆ ಪಂಪ್ ಸೋತಿದೆ, ಇಲ್ಲವೇ ಬೆಲ್ಟ್ ಜಾರುತ್ತಿದೆ. ಒಂದೇ ಕಡೆಗೆ ಭಾರವಾಗಿದ್ದರೆ ಪಂಪನ್ನು ಬಿಟ್ಟುಬಿಡಿ, ಅದು ಎರಡೂ ದಿಕ್ಕಿಗೆ ಒಂದೇ ಒತ್ತಡ ಕೊಡುವಂಥದ್ದು. ಅಲ್ಲಿ ನೋಡಬೇಕಾದ್ದು ಸ್ಟಿಯರಿಂಗ್ ರ್‍ಯಾಕಿನ, ಅಂದರೆ ಚಕ್ರಗಳನ್ನು ಎಡಕ್ಕೂ ಬಲಕ್ಕೂ ತಳ್ಳುವ ಭಾಗದ, ವಾಲ್ವ್. ಮುಂದಿನ ಚಕ್ರಗಳನ್ನು ಮೇಲೆತ್ತಿ ಎಂಜಿನ್ ನಿಲ್ಲಿಸಿದಾಗಲೂ ಎಲ್ಲೋ ಒಂದು ಕಡೆ ಹಿಡಿದಂತಾದರೆ ಜಾಯಿಂಟೋ ಸಸ್ಪೆನ್ಷನ್ ಮೇಲಿನ ಬೇರಿಂಗೋ ಬಿಗಿದಿದೆ.

ಸೋರಿಕೆಯೊಂದೇ ದೂರಾಗಿದ್ದರೆ ಜಾಗವನ್ನು ಒರೆಸಿ ಒಣಗಿಸಿ, ಎಂಜಿನ್ ಓಡಿಸಿ, ಮೊದಲ ಹನಿ ಎಲ್ಲಿ ಹುಟ್ಟುತ್ತದೆ ನೋಡಿ. ಪುಲ್ಲಿಯ ಹಿಂಬದಿ ಒದ್ದೆಯಾದರೆ ಶಾಫ್ಟ್ ಸೀಲ್ ಹೋಗಿದೆ. ಸೀಲ್ ಮಾತ್ರ ಬದಲಿಸಬಹುದು, ಆದರೆ ಆ ಶಾಫ್ಟಿನ ಬೇರಿಂಗ್ ಸವೆದಿದ್ದರೆ ಹೊಸ ಸೀಲೂ ಹೆಚ್ಚು ದಿನ ನಿಲ್ಲದು. ಪಂಪಿನ ಬದಲು ಅದಕ್ಕೆ ಸೇರುವ ಪೈಪಿನ ಬುಡ ಒದ್ದೆಯಾದರೆ ಎರಡು ವಾಷರಿನಲ್ಲಿ ಮುಗಿಯುವ ಕೆಲಸ.

ಯಾವ ಆಯಿಲ್?

ಡಬ್ಬಿಯ ಮುಚ್ಚಳದ ಮೇಲೆ, ಇಲ್ಲವೇ ಕಾರಿನ ಕೈಪಿಡಿಯಲ್ಲಿ ಬರೆದಿರುತ್ತದೆ. ಅದೇ ಕೊನೆಯ ಮಾತು. ಹಲವು ಕಾರುಗಳು ಕೇಳುವುದು ಡೆಕ್ಸ್ರಾನ್ ಗುಣಮಟ್ಟದ ಎಟಿಎಫ್, ಅಂದರೆ ಕೆಂಪು ಬಣ್ಣದ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್. ಹೋಂಡಾ ತನ್ನದೇ ಪವರ್ ಸ್ಟಿಯರಿಂಗ್ ಫ್ಲೂಯಿಡ್ ಹಾಕಿ, ಎಟಿಎಫ್ ಬೇಡ ಎನ್ನುತ್ತದೆ. ಕೆಲವು ಯುರೋಪಿನ ಕಾರುಗಳಿಗೆ ಸಿಎಚ್‌ಎಫ್ 11ಎಸ್ ಎಂಬ ಹಸಿರು ಸಿಂಥೆಟಿಕ್ ಆಯಿಲ್ ಬೇಕು. ಬಣ್ಣ ನೋಡಿ ಆಯಿಲ್ ಆರಿಸಬೇಡಿ, ಬಣ್ಣಕ್ಕೂ ಗುಣಕ್ಕೂ ಸಂಬಂಧವಿರಲೇಬೇಕೆಂದಿಲ್ಲ. ‘ಎಲ್ಲ ಕಾರಿಗೂ ಆಗುತ್ತದೆ’ ಎಂದು ಬರೆದ ಬಾಟಲಿಯನ್ನು ನಾನಂತೂ ದೂರವಿಡುತ್ತೇನೆ. ಬ್ರೇಕ್ ಆಯಿಲನ್ನು ಮಾತ್ರ ಅಪ್ಪಿತಪ್ಪಿಯೂ ಸುರಿಯಬೇಡಿ. ಸ್ಟಿಯರಿಂಗಿನ ಸೀಲುಗಳು ಉಬ್ಬಿ ಹಾಳಾಗುತ್ತವೆ, ಆಮೇಲೆ ರ್‍ಯಾಕ್ ಸಮೇತ ಬದಲಿಸಬೇಕಾದೀತು.

ತುಂಬಿಸಲು ಸುಮಾರು ಒಂದು ಲೀಟರ್ ಸಾಕಾಗುತ್ತದೆ. ತೊಳೆಯುವುದಕ್ಕೂ ಸೇರಿಸಿ 3 ಲೀಟರ್ ತಂದಿಡಿ.

ಜೋಡಿಸಿಟ್ಟುಕೊಳ್ಳಬೇಕಾದ್ದು

ಜಾಕ್, ಎರಡು ಜಾಕ್ ಸ್ಟ್ಯಾಂಡ್, ಹಿಂಚಕ್ರಕ್ಕೆ ಅಡ್ಡ ಕೊಡಲು ಕಟ್ಟೆ. ಸಾಕೆಟ್ ಸೆಟ್, ಉದ್ದದ ಎಕ್ಸ್‌ಟೆನ್ಷನ್, ಟಾರ್ಕ್ ರೆಂಚ್. ಪೈಪಿನ ನಟ್ಟಿಗೆ ಫ್ಲೇರ್ ನಟ್ ಸ್ಪ್ಯಾನರ್, ಅಂದರೆ ಒಂದು ಕಡೆ ಸ್ವಲ್ಪವೇ ಬಾಯಿ ತೆರೆದ ರಿಂಗ್ ಸ್ಪ್ಯಾನರ್. ಸಾಧಾರಣ ಸ್ಪ್ಯಾನರಿನಲ್ಲಿ ಆ ಮೆದು ನಟ್ಟಿನ ಮೂಲೆ ಸವೆದು ದುಂಡಗಾದರೆ ಅರ್ಧ ದಿನದ ಕೆಲಸ ಎರಡು ದಿನವಾಗುತ್ತದೆ. ಪುಲ್ಲಿಯನ್ನು ಒತ್ತಿ ಕೂರಿಸಿರುವ ಪಂಪಾದರೆ ಪುಲ್ಲಿ ಕೀಳುವ ಮತ್ತು ಕೂರಿಸುವ ಟೂಲ್, ಬಾಡಿಗೆಗೆ ಸಿಕ್ಕರೂ ಸರಿ. ದೊಡ್ಡ ಸಿರಿಂಜ್, ಅಗಲವಾದ ಟ್ರೇ, ಖಾಲಿ ಬಾಟಲಿ, ಹೋಸಿನ ಬಾಯಿ ಮುಚ್ಚಲು ರಬ್ಬರ್ ಬಿರಡೆ, ನೂಲು ಉದುರದ ಬಟ್ಟೆ, ಕೈಗವಸು, ಕನ್ನಡಕ.

ಪಂಪಿನ ಜೊತೆಗೇ ಹೊಸ ತಾಮ್ರದ ವಾಷರ್ ಅಥವಾ ಓ-ರಿಂಗ್, ಹೋಸ್ ಕ್ಲಿಪ್ಪುಗಳು ಬೇಕು. ಆಯಿಲಿನಲ್ಲಿ ಲೋಹ ಕಂಡಿದ್ದರೆ ಹೊಸ ಡಬ್ಬಿಯೂ ಬೇಕು. ಆಯಿಲ್ ಕುಡಿದು ಉಬ್ಬಿದ ಬೆಲ್ಟನ್ನೂ ಉಳಿಸಿಕೊಳ್ಳಬೇಡಿ. ಪೆಟ್ಟಿಗೆಯಿಂದ ತೆಗೆದ ಹೊಸ ಪಂಪನ್ನು ಹಳೆಯದರ ಪಕ್ಕ ಹಿಡಿದು ಹೋಲಿಸಿ: ಬೋಲ್ಟಿನ ತೂತುಗಳ ಅಂತರ, ಪೈಪ್ ಸೇರುವ ಬಾಯಿಯ ದಿಕ್ಕು, ಶಾಫ್ಟಿನ ದಪ್ಪ, ಪ್ರೆಷರ್ ಸ್ವಿಚ್ಚಿನ ಜಾಗ. ಬಾಯಿಗೆ ಹಾಕಿದ ಪ್ಲಾಸ್ಟಿಕ್ ಮುಚ್ಚಳಗಳನ್ನು ಕೊನೆಯ ಗಳಿಗೆಯವರೆಗೆ ತೆಗೆಯಬೇಡಿ.

ಬಿಚ್ಚುವುದು

ಎಂಜಿನ್ ಪೂರ್ತಿ ತಣ್ಣಗಾಗಲಿ. ಸಮತಟ್ಟಾದ ಗಟ್ಟಿ ನೆಲದಲ್ಲಿ ಕಾರು ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಹಿಂಚಕ್ರಗಳಿಗೆ ಕಟ್ಟೆ ಕೊಡಿ. ಮುಂಭಾಗವನ್ನು ಜಾಕ್‌ನಿಂದ ಎತ್ತಿ ಸ್ಟ್ಯಾಂಡುಗಳ ಮೇಲೆ ಕೂರಿಸಿ, ಕಾರನ್ನು ಒಮ್ಮೆ ಅಲುಗಾಡಿಸಿ ನೋಡಿ. ಬರೀ ಜಾಕ್ ನಂಬಿ ಕಾರಿನಡಿಗೆ ನುಸುಳಬೇಡಿ. ಬ್ಯಾಟರಿಯ ನೆಗೆಟಿವ್ ವೈರ್ ಕಳಚಿಡಿ. ಸ್ಪ್ಯಾನರ್ ಆಲ್ಟರ್ನೇಟರ್ ಟರ್ಮಿನಲ್ಲಿಗೆ ತಾಗಿದರೆ ಕಿಡಿ ಹಾರುತ್ತದೆ, ಪಕ್ಕದಲ್ಲೇ ಆಯಿಲ್ ಇರುತ್ತದೆ.

ಸಿರಿಂಜಿನಿಂದ ಡಬ್ಬಿಯ ಆಯಿಲನ್ನೆಲ್ಲ ಹೀರಿ ತೆಗೆಯಿರಿ. ಪಂಪಿನ ಕೆಳಗೆ ಆಲ್ಟರ್ನೇಟರ್ ಇದ್ದರೆ ಅದಕ್ಕೆ ಪ್ಲಾಸ್ಟಿಕ್ ಹೊದಿಸಿ. ಪಂಪಿನ ಸುತ್ತ ಮೆತ್ತಿದ ಮಣ್ಣು ಜಿಡ್ಡನ್ನು ಬ್ರಷ್ ಹಾಕಿ ಈಗಲೇ ಶುಚಿ ಮಾಡಿ. ಹೋಸ್ ಕಳಚಿದ ಮೇಲೆ ಬ್ರಷ್ ಆಡಿಸಿದರೆ ಕೊಳೆ ನೇರವಾಗಿ ಒಳಗೆ ಬೀಳುತ್ತದೆ.

ಬೆಲ್ಟ್ ತೆಗೆಯುವ ಮೊದಲು ಅದು ಹಾದುಹೋಗಿರುವ ದಾರಿಯ ಫೋಟೊ ತೆಗೆದುಕೊಳ್ಳಿ, ಎರಡು ಕೋನದಿಂದ. ನೆನಪಿರುತ್ತದೆ ಎಂದುಕೊಳ್ಳುತ್ತೇವೆ, ಇರುವುದಿಲ್ಲ. ಪುಲ್ಲಿಯನ್ನು ಬೋಲ್ಟು ಅಥವಾ ನಟ್ಟು ಹಾಕಿ ಕೂರಿಸಿದ್ದರೆ ಬೆಲ್ಟ್ ಇನ್ನೂ ಬಿಗಿಯಾಗಿರುವಾಗಲೇ ಅವನ್ನು ಅರ್ಧ ಸುತ್ತು ಸಡಿಲಿಸಿಡಿ. ಬೆಲ್ಟ್ ಹೋದ ಮೇಲೆ ಪುಲ್ಲಿ ಜೊತೆಗೇ ತಿರುಗಿ ಕಾಡುತ್ತದೆ. ಸ್ಪ್ರಿಂಗ್ ಟೆನ್ಷನರ್ ಇರುವ ಕಾರಿನಲ್ಲಿ ಅದನ್ನು ಸ್ಪ್ಯಾನರಿನಿಂದ ತಿರುಗಿಸಿ ಹಿಡಿದು ಬೆಲ್ಟ್ ಜಾರಿಸಿ, ಆಮೇಲೆ ನಿಧಾನವಾಗಿ ಬಿಡಿ. ಪಂಪಿಗೇ ಪ್ರತ್ಯೇಕ ಬೆಲ್ಟ್ ಇರುವ ಹಳೆಯ ಕಾರುಗಳಲ್ಲಿ ಪಂಪಿನ ಬೋಲ್ಟು ಮತ್ತು ಅಡ್ಜಸ್ಟರ್ ಸಡಿಲಿಸಿ, ಪಂಪನ್ನು ಎಂಜಿನ್ ಕಡೆಗೆ ವಾಲಿಸಿದರೆ ಬೆಲ್ಟ್ ಕೈಗೆ ಬರುತ್ತದೆ.

ಈಗ ಟ್ರೇ ಕೆಳಗಿಟ್ಟು ಡಬ್ಬಿಯಿಂದ ಬರುವ ದಪ್ಪ ಹೋಸನ್ನು ಪಂಪಿನಿಂದ ಬಿಡಿಸಿ. ಅಂಟಿಕೊಂಡಿದ್ದರೆ ಎಳೆದಾಡದೆ ಸ್ವಲ್ಪ ತಿರುಚಿ ಸಡಿಲಿಸಿ. ಬಸಿದ ಮೇಲೆ ಬಾಯಿಗೆ ಬಿರಡೆ ಹಾಕಿ. ನಂತರ ಒತ್ತಡದ ಲೋಹದ ಪೈಪು. ಮೊದಲ ಅರ್ಧ ಸುತ್ತನ್ನು ಬಟ್ಟೆ ಸುತ್ತಿ ಬಿಚ್ಚಿ. ಬ್ಯಾಂಜೋ ಬೋಲ್ಟ್, ಅಂದರೆ ಪೈಪಿನ ತುದಿಯ ಬಳೆಯೊಳಗೆ ಹಾದುಹೋಗುವ ಟೊಳ್ಳು ಬೋಲ್ಟ್ ಆಗಿದ್ದರೆ ಆ ಬಳೆಯ ಎರಡೂ ಬದಿಗೆ ಒಂದೊಂದು ವಾಷರ್ ಇರುತ್ತದೆ. ಒಂದು ಹಳೆಯ ವಾಷರ್ ಪೈಪಿಗೆ ಅಂಟಿಕೊಂಡೇ ಉಳಿದು, ಮೇಲೆ ಹೊಸದು ಕೂತು, ಸೋರುವುದು ಸಾಮಾನ್ಯವಾಗಿ ನಡೆಯುವ ಎಡವಟ್ಟು. ಎರಡನ್ನೂ ಎಣಿಸಿ ತೆಗೆಯಿರಿ. ಪ್ರೆಷರ್ ಸ್ವಿಚ್ ಇದ್ದರೆ ಕನೆಕ್ಟರಿನ ಚಿಲಕ ಒತ್ತಿ ಕಳಚಿ. ಸ್ಟಿಯರಿಂಗ್ ಪೂರ್ತಿ ತಿರುಗಿದಾಗ ಐಡಲ್ ಸ್ವಲ್ಪ ಏರಿಸಿ ಎಂಜಿನ್ ನಿಂತುಹೋಗದಂತೆ ನೋಡಿಕೊಳ್ಳುವುದು ಅದರ ಕೆಲಸ.

ಉಳಿದದ್ದು ಪಂಪಿನ ಬೋಲ್ಟುಗಳು. ಕೆಲವು ಪುಲ್ಲಿಯ ತೂತುಗಳ ಮೂಲಕವೇ ಸಿಗುತ್ತವೆ, ಪುಲ್ಲಿ ತಿರುಗಿಸುತ್ತ ಸಾಕೆಟ್ ತೂರಿಸಬೇಕು. ಉದ್ದ ಬೇರೆ ಬೇರೆಯಾಗಿದ್ದರೆ ರಟ್ಟಿನ ಮೇಲೆ ಪಂಪಿನ ಚಿತ್ರ ಬರೆದು ಆಯಾ ಜಾಗಕ್ಕೆ ಚುಚ್ಚಿಡಿ.

ಪುಲ್ಲಿ ವರ್ಗಾವಣೆ: ಸುತ್ತಿಗೆ ದೂರವಿಡಿ

ಹೊಸ ಪಂಪ್ ಪುಲ್ಲಿಯಿಲ್ಲದೆ ಬರುವುದೇ ಹೆಚ್ಚು. ಬೋಲ್ಟಿನ ಪುಲ್ಲಿಯಾದರೆ ಎರಡು ನಿಮಿಷದ ಕೆಲಸ. ಒತ್ತಿ ಕೂರಿಸಿದ ಪುಲ್ಲಿಯಾದರೆ, ತೆಗೆಯುವ ಮೊದಲು ಶಾಫ್ಟಿನ ತುದಿ ಪುಲ್ಲಿಯ ನಡುಭಾಗಕ್ಕಿಂತ ಎಷ್ಟು ಒಳಗಿದೆ ಅಥವಾ ಹೊರಗಿದೆ ಎಂದು ಅಳೆದು ಬರೆದಿಡಿ. ಹಲವು ಪಂಪುಗಳಲ್ಲಿ ಎರಡೂ ಸಮವಾಗಿರುತ್ತವೆ. ಪುಲ್ಲಿಯ ಕತ್ತಿನ ತೋಡನ್ನು ಹಿಡಿಯುವ ಟೂಲನ್ನೇ ಬಳಸಿ. ಮೂರು ಕಾಲಿನ ಸಾಮಾನ್ಯ ಪುಲ್ಲರ್ ಅಂಚನ್ನು ಹಿಡಿದೆಳೆದರೆ ತಗಡು ಬಾಗುತ್ತದೆ.

ಕೂರಿಸುವ ಟೂಲು ಶಾಫ್ಟಿನ ಮಧ್ಯದ ಥ್ರೆಡ್ಡಿಗೆ ಸೇರಿಕೊಂಡು ಪುಲ್ಲಿಯನ್ನು ಒಳಕ್ಕೆ ತಳ್ಳುತ್ತದೆ. ಹೀಗೆ ಮಾಡಿದಾಗ ಒತ್ತಡವೆಲ್ಲ ಶಾಫ್ಟಿಗೂ ಪುಲ್ಲಿಗೂ ನಡುವೆಯೇ ಮುಗಿಯುತ್ತದೆ. ಸುತ್ತಿಗೆಯ ಪ್ರತಿ ಪೆಟ್ಟೂ ಶಾಫ್ಟಿನ ಮೂಲಕ ನೇರವಾಗಿ ರೋಟರಿಗೂ ಬೇರಿಂಗಿಗೂ ಹೋಗುತ್ತದೆ, ಪಂಪು ಕಾರಿಗೆ ಏರುವ ಮೊದಲೇ ಪೆಟ್ಟು ತಿಂದಿರುತ್ತದೆ. ಬರೆದಿಟ್ಟ ಅಳತೆಗೆ ಬಂದಕೂಡಲೇ ನಿಲ್ಲಿಸಿ.

ಕೊಳೆ ತೆಗೆಯುವುದು

ಎಲ್ಲರೂ ಹಾರಿಸಿಬಿಡುವ ಹಂತ ಇದು, ನಾನೂ ಹಾರಿಸಿದ್ದೆ. ಹಳೆಯ ಪಂಪಿನ ಚೂರುಗಳು ಡಬ್ಬಿ, ಪೈಪು, ರ್‍ಯಾಕ್, ಕೂಲರ್ ಸುರುಳಿ ಎಲ್ಲ ಕಡೆ ತಂಗಿರುತ್ತವೆ. ಹೊಸ ಪಂಪು ಮೊದಲ ಸುತ್ತಿನಲ್ಲೇ ಅವನ್ನು ನುಂಗುತ್ತದೆ.

ಡಬ್ಬಿಯನ್ನು ಹೊರತೆಗೆದು ತಳದ ಜಾಲರಿ ನೋಡಿ. ಜಾಲರಿ ಡಬ್ಬಿಗೇ ಅಂಟಿಕೊಂಡ ಬಗೆಯದಾದರೆ ಎಷ್ಟು ತೊಳೆದರೂ ಪೂರ್ತಿ ಬಿಡುವುದಿಲ್ಲ. ಲೋಹ ಕಂಡಿದ್ದರೆ ಹೊಸ ಡಬ್ಬಿ ಹಾಕುವುದೇ ಸರಿ. ತೊಳೆದರೆ ಒಳಗೆ ದ್ರಾವಕದ ಒಂದು ಹನಿಯೂ ಉಳಿಯದಂತೆ ಒಣಗಿಸಿ.

ರ್‍ಯಾಕಿನಿಂದ ಡಬ್ಬಿಗೆ ಮರಳುವ ಹೋಸನ್ನು ಡಬ್ಬಿಯ ಬದಲು ಒಂದು ಬಾಟಲಿಗೆ ಇಳಿಸಿ. ಒತ್ತಡದ ಪೈಪಿನ ತುದಿಯನ್ನು ಇನ್ನೊಂದಕ್ಕೆ ಬಿಡಿ. ಚಕ್ರಗಳು ನೆಲ ಬಿಟ್ಟಿರುವಾಗ, ಕೀಲಿ ತಿರುಗಿಸಿ ಸ್ಟಿಯರಿಂಗ್ ಲಾಕ್ ತೆಗೆದು, ಜೊತೆಗಾರರೊಬ್ಬರು ಸ್ಟಿಯರಿಂಗನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ನಿಧಾನವಾಗಿ ತಿರುಗಿಸಲಿ. ರ್‍ಯಾಕಿನೊಳಗಿನ ಹಳೆಯ ಆಯಿಲ್ ಗುಳುಗುಳು ಎಂದು ಹೊರಬರುತ್ತದೆ. ಜೋರಾಗಿ ತಿರುಗಿಸಿದರೆ ಬಾಟಲಿಗೆ ಬೀಳದೆ ನಿಮ್ಮ ಮುಖಕ್ಕೇ ಹಾರುತ್ತದೆ. ಮರಳುವ ಹೋಸಿನ ಬಾಟಲಿಯನ್ನು ಹಾಗೇ ಬಿಟ್ಟಿರಿ, ಹೊಸ ಪಂಪು ಹಾಕಿದ ಮೇಲೆ ಅದು ಇನ್ನೊಮ್ಮೆ ಬೇಕು.

ಹೊಸ ಪಂಪನ್ನು ಕೂರಿಸುವುದು

ಮೊದಲು ಪಂಪಿಗೆ ಕುಡಿಸಿ. ಟೇಬಲ್ಲಿನ ಮೇಲೆ ಒಳಬಾಯಿ ಮೇಲೆ ಬರುವಂತೆ ಹಿಡಿದು ಹೊಸ ಆಯಿಲ್ ಸುರಿಯುತ್ತ, ಎಂಜಿನ್ ತಿರುಗಿಸುವ ದಿಕ್ಕಿಗೇ ಪುಲ್ಲಿಯನ್ನು ಕೈಯಿಂದ ತಿರುಗಿಸಿ. ಮೊದಲು ಗುಳ್ಳೆ, ಆಮೇಲೆ ಗುಳ್ಳೆ ಬೆರೆತ ಆಯಿಲ್, ಕೊನೆಗೆ ಬರೀ ಆಯಿಲ್ ಹೊರಬಾಯಿಯಿಂದ ಬರುತ್ತದೆ. ಐದು ನಿಮಿಷದ ಈ ಕೆಲಸ ಮಾಡದೆ ಎಂಜಿನ್ ಚಾಲು ಮಾಡಿದರೆ ಪಂಪಿನ ಆಯುಷ್ಯದ ಅತಿ ಕೆಟ್ಟ ಸವೆತ ಅದರ ಮೊದಲ ನಿಮಿಷದಲ್ಲೇ ಆಗಿಹೋಗುತ್ತದೆ.

ಪಂಪನ್ನು ಜಾಗಕ್ಕಿಟ್ಟು ಎಲ್ಲ ಬೋಲ್ಟುಗಳನ್ನೂ ಬೆರಳಿನಿಂದಲೇ ಶುರುಮಾಡಿ, ಪೂರ್ತಿ ಬಿಗಿಯಬೇಡಿ. ಪಂಪ್ ಸ್ವಲ್ಪ ಅಲುಗಾಡುವಂತಿರುವಾಗಲೇ ಒತ್ತಡದ ಪೈಪಿನ ನಟ್ಟನ್ನೂ ಕೈಯಲ್ಲೇ ನಾಲ್ಕಾರು ಸುತ್ತು ಹತ್ತಿಸಿ. ಪೈಪು ಗಟ್ಟಿ, ಪಂಪಿನ ದೇಹ ಹಲವು ಕಡೆ ಮೆದು ಅಲ್ಯುಮಿನಿಯಂ. ಓರೆಯಾಗಿ ಹತ್ತಿದ ನಟ್ಟನ್ನು ಸ್ಪ್ಯಾನರ್ ಹಾಕಿ ಎಳೆದರೆ ಥ್ರೆಡ್ ಹಾಳಾಗಿ ಹೊಸ ಪಂಪು ಅಲ್ಲೇ ಕೆಲಸಕ್ಕೆ ಬಾರದಾಗುತ್ತದೆ. ಓ-ರಿಂಗಿಗೆ ಅದೇ ಆಯಿಲ್ ಸವರಿ. ಟೆಫ್ಲಾನ್ ಟೇಪು, ಗಂ, ಸೀಲೆಂಟ್ ಯಾವುದೂ ಇಲ್ಲಿ ಬೇಡ. ಅದರ ಎಳೆ ಕಳಚಿ ವಾಲ್ವಿಗೆ ಸಿಕ್ಕಿಕೊಳ್ಳುತ್ತದೆ.

ಆಮೇಲೆ ಪಂಪಿನ ಬೋಲ್ಟುಗಳು, ಕೊನೆಗೆ ಪೈಪಿನ ನಟ್ಟು, ಈ ಕ್ರಮದಲ್ಲಿ ಬಿಗಿಯಿರಿ. ಎಷ್ಟು ಎಂಬುದಕ್ಕೆ ನಿಮ್ಮ ಕಾರಿನ ಸರ್ವಿಸ್ ಕೈಪಿಡಿಯ ಅಂಕಿಯನ್ನೇ ಅನುಸರಿಸಿ. ಎಂ8, ಅಂದರೆ 8 ಮಿಲಿಮೀಟರ್ ದಪ್ಪದ ಬೋಲ್ಟುಗಳಿಗೆ ಸಾಮಾನ್ಯವಾಗಿ 20ರಿಂದ 25 ನ್ಯೂಟನ್ ಮೀಟರ್ ಇರುತ್ತದೆ, ಬ್ಯಾಂಜೋ ಬೋಲ್ಟಿಗೆ ಬೇರೆಯೇ ಅಂಕಿ. ಪೈಪು ಬೆಲ್ಟಿಗೂ ಸೈಲೆನ್ಸರ್ ಕಡೆಯ ಬಿಸಿ ಪೈಪಿಗೂ ತಾಗದಂತೆ ಹಿಡಿದುಕೊಂಡು ಬಿಗಿಯಿರಿ. ಈ ಆಯಿಲ್ ಬಿಸಿ ಎಕ್ಸಾಸ್ಟ್ ಮೇಲೆ ಬಿದ್ದರೆ ಹೊತ್ತಿಕೊಳ್ಳಬಲ್ಲದು.

ಡಬ್ಬಿಯಿಂದ ಬರುವ ಹೋಸಿಗೆ ಹೊಸ ಕ್ಲಿಪ್ ಹಾಕಿ. ಗಾಳಿ ನುಗ್ಗುವ ಬಾಗಿಲು ಇದೇ ಎಂದು ಮೇಲೆ ಹೇಳಿದ್ದೇನೆ. ಹೋಸಿನ ತುದಿ ಗಟ್ಟಿಯಾಗಿದ್ದರೆ ಕ್ಲಿಪ್ ಏನೂ ಮಾಡಲಾರದು, ಹೋಸ್ ಬದಲಿಸಿ. ಫೋಟೊ ನೋಡಿಕೊಂಡು ಬೆಲ್ಟ್ ಹಾಕಿ, ಪ್ರತಿ ಪುಲ್ಲಿಯ ತೋಡಿನಲ್ಲೂ ಹಲ್ಲು ಸರಿಯಾಗಿ ಕೂತಿದೆಯೇ ಎಂದು ಬೆರಳಾಡಿಸಿ. ನೇರವಾದ ಪಟ್ಟಿಯೊಂದನ್ನು ಪುಲ್ಲಿಗಳ ಮುಖಕ್ಕೆ ಅಡ್ಡ ಹಿಡಿದರೆ ಸಾಲು ತಪ್ಪಿದೆಯೇ ತಿಳಿಯುತ್ತದೆ. ಸ್ವಿಚ್ಚಿನ ಕನೆಕ್ಟರ್ ಮರೆಯಬೇಡಿ. ಬ್ಯಾಟರಿ ವೈರ್ ಸದ್ಯಕ್ಕೆ ಹಾಗೇ ಇರಲಿ.

ಗಾಳಿ ತೆಗೆಯುವುದು

ಇಲ್ಲಿ ಅವಸರ ಬೇಡವೇ ಬೇಡ. ಚಕ್ರಗಳು ಇನ್ನೂ ಮೇಲೆಯೇ ಇರಲಿ, ಎಂಜಿನ್ ನಿಂತೇ ಇರಲಿ.

ಮರಳುವ ಹೋಸ್ ಸೇರುವ ಡಬ್ಬಿಯ ಬಾಯಿಗೆ ಬಿರಡೆ ಹಾಕಿ, ಹೋಸ್ ಇನ್ನೂ ಬಾಟಲಿಯಲ್ಲೇ ಇರುವಾಗ, ಡಬ್ಬಿ ತುಂಬಿಸಿ. ಜೊತೆಗಾರರು ನಿಧಾನವಾಗಿ ಕೊನೆಯಿಂದ ಕೊನೆಗೆ ತಿರುಗಿಸಲಿ. ನೀವು ಡಬ್ಬಿ ಖಾಲಿಯಾಗದಂತೆ ಸುರಿಯುತ್ತಿರಿ. ಬಾಟಲಿಗೆ ಬರುವ ಆಯಿಲ್ ಬಣ್ಣ ತಿಳಿಯಾಗುವವರೆಗೆ ಹೀಗೇ ನಡೆಯಲಿ. ಕೆಲವರು ಇದನ್ನು ಎಂಜಿನ್ ಓಡಿಸಿ ಮಾಡುತ್ತಾರೆ, ಬೇಗ ಮುಗಿಯುತ್ತದೆ ನಿಜ. ಆದರೆ ಓಡುವ ಪಂಪು ಡಬ್ಬಿಯನ್ನು ಕೆಲವೇ ಸೆಕೆಂಡಿನಲ್ಲಿ ಖಾಲಿ ಮಾಡಿ ಗಾಳಿ ಎಳೆಯತೊಡಗುತ್ತದೆ. ಹೊಸ ಪಂಪಿನ ಮೇಲೆ ಆ ಜೂಜು ನನಗಿಷ್ಟವಿಲ್ಲ.

ಈಗ ಮರಳುವ ಹೋಸನ್ನು ಹೊಸ ಕ್ಲಿಪ್ ಹಾಕಿ ಡಬ್ಬಿಗೆ ಸೇರಿಸಿ, ತಣ್ಣಗಿನ ಗುರುತಿನವರೆಗೆ ತುಂಬಿಸಿ. ಮುಚ್ಚಳ ತೆಗೆದೇ ಇಟ್ಟು ಸ್ಟಿಯರಿಂಗನ್ನು ಇಪ್ಪತ್ತು ಸಲ ಕೊನೆಯಿಂದ ಕೊನೆಗೆ ತಿರುಗಿಸಿ. ಡಬ್ಬಿಯಲ್ಲಿ ಗುಳ್ಳೆಗಳು ಏಳುತ್ತವೆ, ಮಟ್ಟ ಇಳಿಯುತ್ತದೆ, ತುಂಬಿಸುತ್ತಿರಿ. ಒಂದಿಡೀ ಸುತ್ತಿನಲ್ಲಿ ಗುಳ್ಳೆಯೂ ಏಳದೆ ಮಟ್ಟವೂ ಕದಲದಿದ್ದರೆ ಹತ್ತು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿ.

ಬ್ಯಾಟರಿ ಜೋಡಿಸಿ. ಟೂಲು, ಬಟ್ಟೆ ಯಾವುದೂ ಬೆಲ್ಟಿನ ಹತ್ತಿರ ಉಳಿದಿಲ್ಲವೆಂದು ನೋಡಿ, ಕಾರಿನಡಿ ಯಾರೂ ಇರಬಾರದು. ಎಂಜಿನ್ ಚಾಲು ಮಾಡಿ ಹತ್ತು ಸೆಕೆಂಡಿಗೆ ನಿಲ್ಲಿಸಿ. ಮಟ್ಟ ನೋಡಿ, ತುಂಬಿಸಿ. ಮತ್ತೆ ಚಾಲು ಮಾಡಿ, ಐಡಲ್‌ನಲ್ಲೇ ನಿಧಾನವಾಗಿ ಎರಡೂ ಕಡೆ ತಿರುಗಿಸಿ. ಕೊನೆ ಮುಟ್ಟಿದ ಮೇಲೆ ಅಲ್ಲೇ ಒತ್ತಿ ಹಿಡಿಯಬೇಡಿ, ಐದು ಸೆಕೆಂಡಿಗಿಂತ ಹೆಚ್ಚಂತೂ ಬೇಡ. ಆಗ ಒತ್ತಡ ಮಿತಿಮೀರದಂತೆ ಕಾಯುವ ರಿಲೀಫ್ ವಾಲ್ವ್ ತೆರೆದು ಆಯಿಲ್ ಪಂಪಿನೊಳಗೇ ಸುತ್ತಿ ಬೇಗ ಕಾಯುತ್ತದೆ.

ಆಯಿಲ್ ಹಾಲಿನಂತೆ ಬೆಳ್ಳಗಾದರೆ ಗಾಳಿ ಸಣ್ಣ ಗುಳ್ಳೆಗಳಾಗಿ ಬೆರೆತಿದೆ. ಎಂಜಿನ್ ಓಡಿಸುತ್ತಲೇ ಇದ್ದರೆ ಮಜ್ಜಿಗೆ ಕಡೆದಂತೆ ನೊರೆ ಇನ್ನೂ ಹೆಚ್ಚುತ್ತದೆ. ನಿಲ್ಲಿಸಿ, ಒಂದು ಗಂಟೆ ಬಿಡಿ, ನೊರೆ ತಾನಾಗಿ ಮೇಲೆ ಬಂದು ಒಡೆಯುತ್ತದೆ. ಆಮೇಲೆ ಎಂಜಿನ್ ನಿಲ್ಲಿಸಿಯೇ ತಿರುಗಿಸುವ ಹಂತದಿಂದ ಪುನಃ ಶುರುಮಾಡಿ. ಮೂರು ಸಲ ಮಾಡಿದರೂ ನೊರೆ ಬಂದರೆ ಗಾಳಿ ಎಲ್ಲಿಂದಲೋ ಹೊಸದಾಗಿ ಬರುತ್ತಿದೆ. ಎಳೆಯುವ ಹೋಸಿನ ಕ್ಲಿಪ್ಪಿಗೆ ಮರಳಿ ಹೋಗಿ.

ನೆಲಕ್ಕಿಳಿಸಿದ ಮೇಲೆ

ಕಾರನ್ನು ಇಳಿಸಿ, ನಿಂತಲ್ಲೇ ಒಮ್ಮೆ ಸ್ಟಿಯರಿಂಗ್ ತಿರುಗಿಸಿ. ಪಂಪಿನ ಮೇಲೆ ಅತಿ ಹೆಚ್ಚು ಭಾರ ಬೀಳುವುದು ಈಗಲೇ. ರಟ್ಟು ಹಿಡಿದು ಪೈಪಿನ ಬುಡಗಳನ್ನು ನೋಡಿ. ಸಣ್ಣ ಕೊರಗು ಒಂದೆರಡು ದಿನ ಉಳಿಯಬಹುದು, ದಿನದಿಂದ ದಿನಕ್ಕೆ ಕಡಿಮೆಯಾದರೆ ಚಿಂತೆಯಿಲ್ಲ, ಹೆಚ್ಚಾದರೆ ಕಾಯಬೇಡಿ. ಮೊದಲ ಓಟವನ್ನು ವಾಹನಗಳಿಲ್ಲದ ದಾರಿಯಲ್ಲಿ ನಿಧಾನವಾಗಿ ಮುಗಿಸಿ, ಬಿಸಿಯ ಗುರುತಿಗೆ ಮಟ್ಟ ನೋಡಿ. ಮರುದಿನ ತಣ್ಣಗಿದ್ದಾಗ ಒಮ್ಮೆ, ಸುಮಾರು 100 ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ಮಟ್ಟ, ಬೆಲ್ಟ್, ಕ್ಲಿಪ್ ನೋಡಿದರೆ ಸಾಕು. ಹಳೆಯ ಆಯಿಲನ್ನು ಚರಂಡಿಗೋ ಮಣ್ಣಿಗೋ ಸುರಿಯದೆ ಅದೇ ಬಾಟಲಿಗಳಲ್ಲಿ ತುಂಬಿ ಬಳಸಿದ ಆಯಿಲ್ ಪಡೆಯುವವರಿಗೆ ಕೊಡಿ.

ಹಳೆಯ ಪಂಪನ್ನು ವಿನಿಮಯಕ್ಕೆ ಮರಳಿಸಬೇಕಿಲ್ಲವಾದರೆ ಬಿಸಾಡುವ ಮೊದಲು ಬಿಚ್ಚಿ ನೋಡಿ. ಒಳಬಳೆಯ ಮೇಲೆ ಗೀರುಗಳಿದ್ದರೆ ಅದನ್ನು ಕೊಂದದ್ದು ಕೊಳೆ, ನೀವು ಎಷ್ಟು ತೊಳೆದಿರಿ ಎಂದು ಇನ್ನೊಮ್ಮೆ ನೆನಪಿಸಿಕೊಳ್ಳಿ. ಲೋಹ ನೀಲಿಗಟ್ಟಿದ್ದರೆ ಆಯಿಲ್ ಇಲ್ಲದೆ ಓಡಿ ಬೆಂದಿದೆ, ಆಯಿಲ್ ಎಲ್ಲಿಗೆ ಹೋಯಿತು ಎಂಬ ಪ್ರಶ್ನೆ ಬಾಕಿಯಿದೆ. ಬಳೆ, ವೇನು, ಬೇರಿಂಗು, ಸೀಲು ಎಲ್ಲ ಹೊಸದರಂತೆ ಹೊಳೆಯುತ್ತಿದ್ದರೆ, ಮೌನವಾಗಿ ಹೋಗಿ ಹಳೆಯ ಕ್ಲಿಪ್ಪನ್ನು ಕಸದ ಬುಟ್ಟಿಯಿಂದ ಎತ್ತಿ ನೋಡಿ.